ಶುಕ್ರವಾರ ಮಾಲೆ ತೋರಿಸಿದರು: ಒಂದು ಮಾಲ್ಡೀವ್ಸ್ ಪ್ಯಾಕೇಜಿನ ವಿಮರ್ಶೆ

ಉಡುಪಿ ಕೃಷ್ಣಮಠದ ಪರ್ಯಾಯದ ಗದ್ದಲ ಮುಗಿದ ಮರುವಾರ ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ, ಹೀಗೆ ನಾಲ್ಕು ಮಂದಿ ಮಂಗಳೂರಿನ ಒಂದು ಪ್ರವಾಸ ಸಂಸ್ಥೆಯ ಮೂಲಕ ಮಾಲ್ಡೀವ್ಸಿಗೆ ಹೋಗಿ ಬಂದೆವು. ಸೋಮವಾರ ಹೊರಟು ಶುಕ್ರವಾರ ರಾತ್ರಿ ಮರಳುವ ನಾಲ್ಕು ರಾತ್ರಿಗಳ ಪ್ಯಾಕೇಜು. ಬೆಂಗಳೂರಿನ ಮೂಲಕ ವಿಮಾನ, ಸ್ಪೀಡ್ ಬೋಟು, ವಸತಿ, ಊಟ ಎಲ್ಲ ಸೇರಿ ತಲೆಗೆ 61,500 ರೂಪಾಯಿ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಎತ್ತಿದ ಎರಡು ತಕರಾರುಗಳಲ್ಲಿ ಒಂದನ್ನು ಅವರು ಮರುಮಾತಿಲ್ಲದೆ ಸರಿಪಡಿಸಿಕೊಟ್ಟಿದ್ದಾರೆ. ಅಲ್ಲದೆ ಕರಾವಳಿಯಲ್ಲಿ ಮಾರಾಟವಾಗುವ ಮಾಲ್ಡೀವ್ಸ್ ಪ್ಯಾಕೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಆದ್ದರಿಂದ ಯಾರ ಬಳಿ ಹಣ ಕಟ್ಟಿದರೂ ಕೆಳಗಿನ ಮಾತುಗಳು ಅನ್ವಯಿಸಬಹುದು.

ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಉಡುಪಿ ಸುತ್ತಿನ ಹೈಸ್ಕೂಲುಗಳಲ್ಲಿ 31 ವರ್ಷ ಸಮಾಜ ಪಾಠ ಮಾಡಿ ನಿವೃತ್ತನಾದವನು. ಹವಳದ ದ್ವೀಪ ಹುಟ್ಟುವ ಬಗೆಯನ್ನು ಕಪ್ಪುಹಲಗೆಯ ಮೇಲೆ ವರ್ಷ ವರ್ಷವೂ ಚಿತ್ರ ಬರೆದು ವಿವರಿಸಿದ್ದೇನೆ, ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಸಂಸ್ಥೆಯ ಕರಪತ್ರದಲ್ಲಿ ಇದ್ದದ್ದು ನೀಲಿ ನೀರು, ನೀರಿನ ಮೇಲೆ ನಿಂತ ಕೋಣೆಗಳು ಮತ್ತು ಉಯ್ಯಾಲೆಯಲ್ಲಿ ಕುಳಿತ ಒಂದು ಜೋಡಿ. ಐದನೆಯ ದಿನದ ಎದುರಿಗೆ ಮಾತ್ರ, ಅಲ್ಲಿಯ ರಾಜಧಾನಿಯಾದ ಮಾಲೆಯ ಬಗ್ಗೆ, ‘ಮಾಲೆ ನಗರ ದರ್ಶನ: ಮ್ಯೂಸಿಯಂ, ಹಳೆ ಮಸೀದಿ, ಮೀನು ಮಾರುಕಟ್ಟೆ’ ಎಂಬ ಒಂದು ಸಾಲಿತ್ತು. ಭಾವ ಹಣ ಕಟ್ಟಿದ್ದು ಆ ಚಿತ್ರಗಳಿಗಾದರೆ ನಾನು ಕಟ್ಟಿದ್ದು ಈ ಒಂದು ಸಾಲಿಗೆ.

ಹೊರಡುವ ಮೊದಲಿನ ಸೇವೆಯಲ್ಲಿ ಬೊಟ್ಟು ಮಾಡಲು ಏನೂ ಇಲ್ಲ. ಭಾರತೀಯರಿಗೆ ಮಾಲ್ಡೀವ್ಸಿನಲ್ಲಿ ಇಳಿದ ಮೇಲೆಯೇ ಪ್ರವಾಸಿ ವೀಸಾ ಉಚಿತವಾಗಿ ಸಿಗುತ್ತದೆ. ಆದರೆ ಹೊರಡುವ ಮುಂಚಿನ 96 ಗಂಟೆಗಳೊಳಗೆ ಇಮುಗಾ ಎಂಬ ಸರಕಾರಿ ಜಾಲತಾಣದಲ್ಲಿ ವಿವರ ತುಂಬಬೇಕು. ಮರಳುವಾಗಲೂ ಇದೇ ಕ್ರಮ. ಇದಕ್ಕೂ ಶುಲ್ಕವಿಲ್ಲ. ಸಂಸ್ಥೆಯ ಹುಡುಗಿ ನಾಲ್ವರದ್ದನ್ನೂ ತುಂಬಿ, ಮುದ್ರಿಸಿ, ಪಾಸ್‌ಪೋರ್ಟಿನೊಳಗೆ ಇಟ್ಟು ಕೊಟ್ಟಳು. ಎಲ್ಲ ಮುಗಿಯಿತು ಎಂದು ನಾವು ಎದ್ದಾಗ ಅಕ್ಕನ ಕಡೆ ತಿರುಗಿ, “ಅಮ್ಮಾ, ಬ್ಯಾಗಿನಲ್ಲಿ ದೇವರ ವಿಗ್ರಹ ಏನಾದರೂ ಉಂಟಾ? ಇದ್ದರೆ ಮನೆಯಲ್ಲೇ ಇಟ್ಟು ಹೋಗಿ” ಎಂದಳು. ಅಕ್ಕ ಎಲ್ಲಿಗೆ ಹೋದರೂ ಕಡೆಗೋಲು ಹಿಡಿದ ಹೆಬ್ಬೆರಳು ಗಾತ್ರದ ಕೃಷ್ಣನನ್ನು ಕುಂಕುಮದ ಡಬ್ಬಿಯ ಜೊತೆ ಒಯ್ಯುವವಳು. ಪೂಜೆಯ ವಿಗ್ರಹ, ಮದ್ಯ, ಹಂದಿಮಾಂಸ ಇವುಗಳನ್ನು ಆ ದೇಶದೊಳಗೆ ತರುವಂತಿಲ್ಲ. ಈ ಮಾತನ್ನು ಮೊದಲೇ ಹೇಳದೆ ಹೋಗಿದ್ದರೆ ಸುಂಕದ ಕಟ್ಟೆಯಲ್ಲಿ ಕೃಷ್ಣನನ್ನು ಬಿಟ್ಟು ಅಕ್ಕ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ, ನಮ್ಮ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು.

ಅದೇ ಹುಡುಗಿ ನಾಲ್ವರಿಗೂ ಹಿಂದುಮುಂದಾಗಿ ಕಿಟಕಿ ಪಕ್ಕದ ಸೀಟುಗಳನ್ನು ಹಿಡಿದಿದ್ದಳು. ಇದನ್ನು ಪ್ರತ್ಯೇಕವಾಗಿ ಹೊಗಳಬೇಕು. ಏಕೆಂದರೆ ಮಾಲ್ಡೀವ್ಸಿನ ಭೂಗೋಳ ಅರ್ಥವಾಗುವುದು ನೆಲದ ಮೇಲೆ ನಿಂತರೆ ಅಲ್ಲ, ಮೇಲಿನಿಂದ ನೋಡಿದರೆ. ಬೆಂಗಳೂರು ಬಿಟ್ಟು ಎರಡು ಗಂಟೆ ತುಂಬುವಷ್ಟರಲ್ಲಿ ಕಡುನೀಲಿಯ ಮೇಲೆ ತಿಳಿಹಸಿರು ಬಳೆಗಳು ಕಾಣಿಸಿಕೊಂಡವು. ದೊಡ್ಡ ಬಳೆಯ ಅಂಚಿನಲ್ಲಿ ಸಣ್ಣ ಬಳೆಗಳು, ಅವುಗಳ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ದ್ವೀಪ. ಈ ಬಳೆಗೆ ಇಂಗ್ಲಿಷಿನಲ್ಲಿ ಬಳಸುವ ಅಟಾಲ್ ಎಂಬ ಪದ ಮಾಲ್ಡೀವ್ಸಿನ ದಿವೇಹಿ ಭಾಷೆಯದೇ. ಮುಳುಗುತ್ತ ಹೋದ ಜ್ವಾಲಾಮುಖಿಯ ಸುತ್ತ ಹವಳದ ಹುಳುಗಳು ಬೆಳಕಿಗಾಗಿ ಮೇಲೆ ಮೇಲೆ ಕಟ್ಟುತ್ತ ಬಂದು, ನಡುವಿನ ಬೆಟ್ಟ ಕಾಣೆಯಾಗಿ ಸುತ್ತಲಿನ ಗೋಡೆ ಮಾತ್ರ ಉಳಿಯಿತು ಎಂಬುದು 1842ರಲ್ಲಿ ಡಾರ್ವಿನ್ ಕೊಟ್ಟ ವಿವರಣೆ. ಒಟ್ಟು 1,192 ದ್ವೀಪಗಳು, 26 ಸಹಜ ಅಟಾಲುಗಳು. ಉತ್ತರದ ತುದಿಯಿಂದ ಭೂಮಧ್ಯರೇಖೆಯನ್ನು ದಾಟಿ ದಕ್ಷಿಣದ ತುದಿಯವರೆಗೆ 800 ಕಿಲೋಮೀಟರಿಗೂ ಹೆಚ್ಚು ಉದ್ದ. ಆದರೆ ನೆಲ ಎಂದು ಇರುವುದು ಸುಮಾರು 298 ಚದರ ಕಿಲೋಮೀಟರ್, ಅಂದರೆ ನಮ್ಮ ಉಡುಪಿ ಜಿಲ್ಲೆಯ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಲ್ಲೂ ಬಹುಪಾಲು ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಬೆಂಕಿಯಿಂದ ಹುಟ್ಟಿದ ಕಲ್ಲು ಕಂಬಕಂಬವಾಗಿ ಕಣ್ಣೆದುರು ನಿಂತಿದೆ. ಇಲ್ಲಿ ಅಂಥದೇ ಕಲ್ಲು ಸಾವಿರಾರು ಅಡಿ ಆಳದಲ್ಲಿದ್ದು ಮೇಲಿರುವುದು ಜೀವಿಗಳು ಕಟ್ಟಿದ ಸುಣ್ಣ. ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತ ಆ ಇಪ್ಪತ್ತು ನಿಮಿಷಕ್ಕೆ ನಾನು ಕೊಟ್ಟ ಹಣದಲ್ಲಿ ಅರ್ಧ ಸಂದಾಯವಾಯಿತು ಎಂದೇ ಲೆಕ್ಕ ಹಾಕಿಕೊಂಡಿದ್ದೇನೆ.

ವಿಮಾನ ನಿಲ್ದಾಣ ಹುಲ್ಹುಲೆ ಎಂಬ ಪ್ರತ್ಯೇಕ ದ್ವೀಪದ ಮೇಲಿದೆ. ಬಾಗಿಲು ದಾಟಿ ಹೊರಗೆ ಬಂದರೆ ನಮ್ಮಲ್ಲಿ ರಿಕ್ಷಾ ಸ್ಟ್ಯಾಂಡ್ ಇರುವ ಜಾಗದಲ್ಲಿ ಅಲ್ಲಿ ದಕ್ಕೆ ಇದೆ. ಸಂಸ್ಥೆಯವರು ಗೊತ್ತು ಮಾಡಿದ ಬೋಟು ಕಾದಿತ್ತು, ಮುಕ್ಕಾಲು ಗಂಟೆಯೊಳಗೆ ಮಾಫುಶಿ ಎಂಬ ದ್ವೀಪ ತಲುಪಿದೆವು. ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಇಡಬೇಕು. ವಿದ್ಯುತ್ ಪ್ಲಗ್ಗು ಮೂರು ಚೌಕ ಕಾಲಿನದು. ಅದಕ್ಕೆ ಬೇಕಾದ ಅಡಾಪ್ಟರ್ ಕೊಂಡುಹೋಗಬೇಕೆಂದು ಮಾತ್ರ ಸಂಸ್ಥೆ ಹೇಳಿರಲಿಲ್ಲ.

ರೆಸಾರ್ಟಿನ ಬದಲು ಜನವಸತಿಯ ದ್ವೀಪದಲ್ಲಿ ಉಳಿಸಿದ್ದು ಖರ್ಚು ಕಡಿಮೆ ಮಾಡಲಿಕ್ಕೆ. ನನ್ನ ಮಟ್ಟಿಗೆ ಅದೇ ಈ ಪ್ಯಾಕೇಜಿನ ದೊಡ್ಡ ಗುಣವಾಯಿತು. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗಿನಿಂದ ಆ ದೇಶದ ಪದ್ಧತಿ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬುದು. ಪ್ರವಾಸಿಗಳು ಒಂದು ಕಡೆ, ಊರಿನವರು ಇನ್ನೊಂದು ಕಡೆ. ಜನ ಇರುವ ದ್ವೀಪಗಳಲ್ಲಿ ಗೆಸ್ಟ್ ಹೌಸ್ ನಡೆಸಲು ಅನುಮತಿ ದೊರೆತದ್ದು 2009ರ ಬಳಿಕ, ಅದರ ಫಲವನ್ನು ಮೊದಲು ಉಂಡ ಊರುಗಳಲ್ಲಿ ಮಾಫುಶಿಯೂ ಒಂದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಕಾಲು ಗಂಟೆ ಸಾಕು. ಊರೊಳಗೆ ಮೈ ಮುಚ್ಚುವ ಬಟ್ಟೆ ತೊಡಬೇಕು, ಈಜುಡುಗೆಗೆ ಬಿಕಿನಿ ಬೀಚ್ ಎಂದು ಬೇರೆ ಮರೆ ಕಟ್ಟಿದ ಕಡಲತೀರವಿದೆ. ಮದ್ಯ ಸಿಗುವುದಿಲ್ಲ, ಬೇಕಾದವರನ್ನು ಆಚೆ ಲಂಗರು ಹಾಕಿದ ಹಡಗಿಗೆ ಕರೆದೊಯ್ಯುತ್ತಾರೆ. ಭಾವ ಎರಡು ಸಂಜೆ ಆ ಹಡಗಿನ ದೀಪಗಳನ್ನು ನೋಡುತ್ತ ಕುಳಿತಿದ್ದರು, ಅಕ್ಕನ ಎದುರು ಹೋಗುತ್ತೇನೆ ಎನ್ನುವ ಧೈರ್ಯ ಬರಲಿಲ್ಲ.

ಊಟದ ವಿಚಾರದಲ್ಲಿ ಸಂಸ್ಥೆ ನಿಜವಾಗಿಯೂ ಮುತುವರ್ಜಿ ವಹಿಸಿತ್ತು. ಅಕ್ಕ ಸೋಮವಾರ ಮತ್ತು ಶನಿವಾರ ಮೀನು ಮುಟ್ಟುವುದಿಲ್ಲ. ಇದನ್ನು ಬುಕಿಂಗ್ ಚೀಟಿಯಲ್ಲಿ ಬರೆಸಿದ್ದೆವು. ಸೋಮವಾರ ಮಧ್ಯಾಹ್ನ ತಲುಪಿದಾಗ ಅವಳ ತಟ್ಟೆಗೆ ಕುಂಬಳಕಾಯಿಯ ಸಾರು, ಬೇಳೆ, ಅನ್ನ ಪ್ರತ್ಯೇಕವಾಗಿ ಬಂತು. ಮೀನು ಬಿಟ್ಟು ಅಡುಗೆಯೇ ಇಲ್ಲದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮರುದಿನ ಬೆಳಗ್ಗೆ ಕೊಟ್ಟದ್ದು ಮಸ್ ಹುನಿ: ಟ್ಯೂನಾ ಮೀನನ್ನು ಎಳೆ ಎಳೆಯಾಗಿ ಬಿಡಿಸಿ, ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ಲಿಂಬೆರಸ ಹಾಕಿ ಕೈಯಲ್ಲೇ ಹಿಸುಕಿ ಕಲಸಿದ್ದು; ಜೊತೆಗೆ ರೋಶಿ ಎಂಬ ತೆಳು ರೊಟ್ಟಿ. ಹೆಂಡತಿ ಮೊದಲ ತುತ್ತಿಗೇ “ಇದು ನಮ್ಮ ಒಣಮೀನಿನ ಚಟ್ನಿಯ ಅಣ್ಣನೋ ತಮ್ಮನೋ ಆಗಬೇಕು” ಎಂದಳು. ಅಲ್ಲಿಯ ಟ್ಯೂನಾವನ್ನು ಬಲೆಯಿಂದ ಹಿಡಿಯುವುದಿಲ್ಲ, ಗಳದ ತುದಿಯ ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಹಿಡಿಯುವ ದೋಣಿಗೆ ಅವರು ಹೇಳುವುದೂ ಧೋನಿ ಎಂದೇ.

ಮೂರನೆಯ ಸಂಜೆ ಗೆಸ್ಟ್ ಹೌಸಿನ ಹಿಂದಿನ ಓಣಿಯಲ್ಲಿ ನಡೆಯುವಾಗ ಒಂದು ಮನೆಯ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಸಾಲು ಆಸನದಲ್ಲಿ ಅಜ್ಜಿಯೊಬ್ಬರು ಕುಳಿತಿದ್ದರು. ಅವರ ಸೊಸೆ ನೆಲದ ಮೇಲೆ ಸಣ್ಣ ಮಣೆಯ ಮೇಲೆ ಕುಳಿತು, ಮಣೆಯ ಮೂತಿಗೆ ಹೊಡೆದ ಹಲ್ಲುಹಲ್ಲಿನ ಕಬ್ಬಿಣಕ್ಕೆ ಕಾಯಿಹೋಳು ತಿರುಗಿಸುತ್ತಿದ್ದಳು. ಅದು ಅಪ್ಪಟ ಹೆರೆಮಣೆ! ಅವರು ಹುನಿಗೊಂಡಿ ಎನ್ನುತ್ತಾರಂತೆ. ನನ್ನ ಹೆಂಡತಿ ಕೈಸನ್ನೆಯಲ್ಲೇ ಕೇಳಿ ತಾನೂ ಒಂದು ಹೋಳು ಹೆರೆದು ತೋರಿಸಿದಳು. ಅಜ್ಜಿ ತುರಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಚಿಪ್ಪಿನ ಕಪ್ಪು ತಾಗಿದ ಎರಡು ಚೂರನ್ನು ಆರಿಸಿ ಹೊರಗೆ ಎಸೆದರು. ನಮ್ಮ ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು. ಕರಪತ್ರದಲ್ಲಿ ಇಲ್ಲದ ಈ ಅರ್ಧ ಗಂಟೆಗೆ ಸಂಸ್ಥೆ ಹಣ ಕೇಳಿರಲಿಲ್ಲ, ಕೇಳಿದ್ದರೆ ಕೊಡುತ್ತಿದ್ದೆ.

ಅಲ್ಲಿ ನಿಂತಾಗ ನನಗೆ ನೆನಪಾದವನು ಇಬ್ನ್ ಬತೂತ. ಮೊರಾಕ್ಕೋ ದೇಶದ ಆ ಪ್ರವಾಸಿ 14ನೆಯ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಹಾದುಹೋದವನು. ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಬರೆದಿದ್ದಾನೆ. ಮುಂದೆ 1343ರಲ್ಲಿ ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಕಾಜಿಯಾಗಿ ನೇಮಕಗೊಂಡು ಹಲವು ತಿಂಗಳು ನಿಂತ. ತೆಂಗಿನ ನಾರಿನ ಹಗ್ಗ ಆ ದ್ವೀಪಗಳಿಂದ ಭಾರತಕ್ಕೂ ಯೆಮೆನ್, ಚೀನಾಗಳಿಗೂ ಹೋಗುತ್ತಿದ್ದದ್ದನ್ನು, ಹಡಗಿನ ಹಲಗೆಗಳನ್ನು ಮೊಳೆಯ ಬದಲು ಆ ಹಗ್ಗದಿಂದಲೇ ಹೊಲಿಯುತ್ತಿದ್ದದ್ದನ್ನು, ಕಡಲಿನಿಂದ ಆಯ್ದ ಕವಡೆಗಳನ್ನು ಬಂಗಾಳಕ್ಕೆ ಕಳುಹಿಸಿ ಅಕ್ಕಿ ತರಿಸುತ್ತಿದ್ದದ್ದನ್ನು ದಾಖಲಿಸಿದ್ದಾನೆ. ಕವಡೆ ಕಾಸಿನ ಬೆಲೆಯೂ ಇಲ್ಲ ಎಂದು ನಾವು ಹಗುರವಾಗಿ ಆಡುವ ಮಾತಿನ ಕವಡೆಗೆ ಆ ದ್ವೀಪಗಳು ಟಂಕಸಾಲೆ ಆಗಿದ್ದವು. ಇಂಥ ಕಥೆಯನ್ನು ಮಂಗಳೂರಿನ ಸಂಸ್ಥೆಯೊಂದು ಕರಪತ್ರದಲ್ಲಿ ಎರಡು ಸಾಲು ಹಾಕಿದ್ದರೆ ಅವರ ಗಂಟು ಹೋಗುತ್ತಿತ್ತೇ? ಅಂದ ಹಾಗೆ, ಹವಳದ ತುಂಡು, ಆಮೆಚಿಪ್ಪಿನ ಸಾಮಾನು ಇವನ್ನು ದೇಶದಿಂದ ಹೊರಗೆ ಒಯ್ಯುವುದು ನಿಷಿದ್ಧ. ಈ ಎಚ್ಚರಿಕೆಯನ್ನು ನಮಗೆ ಹೇಳಿದ್ದು ಸಂಸ್ಥೆಯಲ್ಲ, ಬೋಟಿನ ಹುಡುಗ.

ಮಂಗಳವಾರದ ಸ್ನಾರ್ಕೆಲಿಂಗ್, ಅಂದರೆ ಉಸಿರುನಳಿಗೆ ಕಚ್ಚಿಕೊಂಡು ತೇಲುತ್ತ ನೀರಿನೊಳಗನ್ನು ನೋಡುವುದು, ಚೆನ್ನಾಗಿ ನಡೆಯಿತು. ಈಜು ಬಾರದ ಅಕ್ಕನಿಗೂ ಹೊಂದುವ ಲೈಫ್ ಜಾಕೆಟ್ ಇತ್ತು, ಒಬ್ಬ ಹುಡುಗ ಅವಳ ಕೈ ಬಿಡಲೇ ಇಲ್ಲ. ಹವಳದ ಬಣ್ಣ ಮಾತ್ರ ಕರಪತ್ರದ ಬಣ್ಣವಲ್ಲ. ಕಡಲು ಬಿಸಿಯೇರಿದ 1998ರಲ್ಲಿ ಮತ್ತು 2016ರಲ್ಲಿ ಅಲ್ಲಿಯ ಹವಳ ಬೆಳ್ಳಗೆ ಬಿಳಿಚಿ ಬಹಳಷ್ಟು ಸತ್ತಿತು. ಚೇತರಿಸಿಕೊಂಡ ಕಡೆ ಕಂದು, ನೇರಳೆ ಕಾಣುತ್ತದೆ, ಉಳಿದಲ್ಲಿ ಮುರಿದ ಬಳಪದ ರಾಶಿಯ ಹಾಗೆ ಇರುತ್ತದೆ. ಮೀನುಗಳಿಗೆ ಬರವಿಲ್ಲ. ಗಿಳಿಮೀನು ಹವಳದ ಕಲ್ಲನ್ನು ಕಚ್ಚುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳಿಸಿತು. ಅದು ತಿಂದು ವಿಸರ್ಜಿಸಿದ ಪುಡಿಯೇ ಆ ಬಿಳಿ ಮರಳಿನ ದೊಡ್ಡ ಪಾಲು. ಈ ವಿಷಯ ತಿಳಿದ ಮೇಲೆ ಭಾವ ಮರಳಿನಲ್ಲಿ ಮಲಗುವುದನ್ನು ಸ್ವಲ್ಪ ಕಡಿಮೆ ಮಾಡಿದರು. ಬುಧವಾರದ ರೆಸಾರ್ಟ್ ಭೇಟಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ನೀರು ನೀಲಿ, ಊಟ ಬಗೆಬಗೆ, ಕರಪತ್ರದ ಆ ಉಯ್ಯಾಲೆಗೆ ಹದಿನಾಲ್ಕು ಮಂದಿಯ ಸರದಿ.

ಮೊದಲ ತಕರಾರು ಗುರುವಾರ ರಾತ್ರಿ ಎದ್ದಿತು. ಗೆಸ್ಟ್ ಹೌಸಿನವರು ಹಸಿರು ತೆರಿಗೆ ಎಂದು 96 ಡಾಲರ್ ಕೇಳಿದರು. ಪ್ರವಾಸಿ ಒಬ್ಬರಿಗೆ, ರಾತ್ರಿ ಒಂದಕ್ಕೆ ಸಣ್ಣ ಗೆಸ್ಟ್ ಹೌಸುಗಳಲ್ಲಿ 6 ಡಾಲರ್, ರೆಸಾರ್ಟುಗಳಲ್ಲಿ 12 ಡಾಲರ್ ಎಂಬುದು 2025ರ ಆರಂಭದಿಂದ ಅಲ್ಲಿಯ ಸರಕಾರದ ದರ, ತೆರಿಗೆ ನ್ಯಾಯವಾದದ್ದೇ. ಆದರೆ ನಮ್ಮ ಕರಪತ್ರದಲ್ಲಿ ‘ಎಲ್ಲ ತೆರಿಗೆಗಳು ಸೇರಿ’ ಎಂದು ದಪ್ಪಕ್ಷರದಲ್ಲಿ ಇತ್ತು. ರಾತ್ರಿ ಹತ್ತಕ್ಕೆ ಮಂಗಳೂರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ನಾವೇ ಕಟ್ಟಿದೆವು. ಊರಿಗೆ ಬಂದ ಮೇಲೆ ರಸೀದಿ ತೋರಿಸಿದಾಗ ಹಣ ಹಿಂದಿರುಗಿತು, ಇದನ್ನು ಒಪ್ಪಿಕೊಳ್ಳಬೇಕು. ಹೋಗುವವರು ಕೈಯಲ್ಲಿ ಸ್ವಲ್ಪ ಡಾಲರ್ ಇಟ್ಟುಕೊಳ್ಳಿ. ಸ್ಥಳೀಯ ರುಫಿಯಾದ ಅಧಿಕೃತ ದರ ಡಾಲರಿಗೆ 15.42ರ ಆಸುಪಾಸಿನಲ್ಲಿದ್ದು, ಪ್ರವಾಸಿಗಳ ಬಳಿ ಎಲ್ಲರೂ ಡಾಲರನ್ನೇ ಕೇಳುತ್ತಾರೆ.

ಇನ್ನು ಶುಕ್ರವಾರ. ಮಾಲ್ಡೀವ್ಸಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಹಲವು ಸಾರ್ವಜನಿಕ ದೋಣಿಗಳು ಓಡುವುದಿಲ್ಲ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಿನವಿಡೀ ಬೀಗ. ನಮ್ಮನ್ನು ಬೆಳಗ್ಗೆ ಹತ್ತೂವರೆಗೆ ಮಾಲೆಯ ದಕ್ಕೆಯಲ್ಲಿ ಇಳಿಸಿ, ಪೆಟ್ಟಿಗೆಗಳನ್ನು ಒಂದು ಅಂಗಡಿಯಲ್ಲಿ ಇರಿಸಿ, ಸಂಜೆ ನಾಲ್ಕಕ್ಕೆ ಕಾರು ಬರುತ್ತದೆ ಎಂದು ಹೇಳಿ ಬೋಟಿನವನು ಹೊರಟುಹೋದ. ಮ್ಯೂಸಿಯಂ ಬಾಗಿಲಿನ ಎದುರು ನಿಂತಾಗಲೇ ನಮಗೆ ವಿಷಯ ತಿಳಿದದ್ದು. 1153ರಲ್ಲಿ ಅರಸನೊಬ್ಬ ಇಸ್ಲಾಂ ಸ್ವೀಕರಿಸುವ ಮೊದಲು ಅಲ್ಲಿಯ ಜನ ಬೌದ್ಧರಾಗಿದ್ದರು. ಆ ಕಾಲದ ಹವಳಗಲ್ಲಿನ ಶಿಲ್ಪಗಳಲ್ಲಿ ಬಹಳಷ್ಟನ್ನು 2012ರ ಫೆಬ್ರುವರಿಯ ಗಲಭೆಯಲ್ಲಿ ಈ ಮ್ಯೂಸಿಯಂ ಒಳಗೇ ಒಡೆದುಹಾಕಲಾಯಿತು. ಉಳಿದದ್ದನ್ನಾದರೂ ನೋಡಬೇಕೆಂದು ಬಂದವನು ಗಾಜಿನ ಬಾಗಿಲಿನಲ್ಲಿ ನನ್ನದೇ ಮುಖ ನೋಡಿಕೊಂಡು ತಿರುಗಿದೆ.

ಹಳೆಯ ಮಸೀದಿಯ ಹೆಸರು ಹುಕುರು ಮಿಸ್ಕಿ. ಹುಕುರು ಎಂದರೆ ಶುಕ್ರವಾರ. ನಾವು ಹೋಗಬಾರದ ದಿನ ಯಾವುದೆಂಬುದು ಹೆಸರಿನಲ್ಲೇ ಬರೆದಿತ್ತು. 1658ರಲ್ಲಿ ಮುಗಿದ ಈ ಕಟ್ಟಡವನ್ನು ಹೊರಗಿನಿಂದ, ರಸ್ತೆಯಾಚೆ ನಿಂತು, ಜನ ಸೇರುವ ಮೊದಲು ಒಂದಿಷ್ಟು ಹೊತ್ತು ನೋಡಿದೆ. ಗೋಡೆಯೆಲ್ಲ ಹವಳದ ಕಲ್ಲು. ಗಾರೆ ಇಲ್ಲದೆ ಒಂದಕ್ಕೊಂದು ಬೆಸೆದು ಕೂರಿಸಿ, ಮೈತುಂಬ ಬಳ್ಳಿಯ ಕೆತ್ತನೆ. ಹವಳವನ್ನು ಕಡಲಿನಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ನಮ್ಮ ಮುರಕಲ್ಲೂ ಹಾಗೆಯೇ ಅಲ್ಲವೇ, ಕಣಿಯಲ್ಲಿ ಕೊಡಲಿಗೆ ಬಗ್ಗಿ ಬಿಸಿಲಿಗೆ ಸೆಟೆಯುವ ಕಲ್ಲು? ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ, ಮರದ ಕೆಲಸವನ್ನು ಕಲ್ಲಿಗೆ ಇಳಿಸಿದ ಆ ಕೈಚಳಕ ಇಲ್ಲಿಯೂ ಗುರುತು ಸಿಗುತ್ತದೆ. ಎದುರಿಗೇ ಮುಲಿಯಾಗೆ ಎಂಬ ಅಧ್ಯಕ್ಷರ ಅರಮನೆ. ಅನ್ಯಮತದವರು ಮಸೀದಿಯೊಳಗೆ ಹೋಗಬೇಕಾದರೆ ಮೊದಲೇ ಅನುಮತಿ ಬೇಕು, ಅದನ್ನು ಪಡೆದು ಕೊಡುವುದು ಸಂಸ್ಥೆಯ ಕೆಲಸವಾಗಿತ್ತು.

ಉಳಿದ ನಾಲ್ಕು ಗಂಟೆಯನ್ನು ದಕ್ಕೆಯ ಬಳಿಯ ಗಣರಾಜ್ಯ ಚೌಕದ ನೆರಳಿನಲ್ಲಿ ಕಳೆದೆವು. ಬೇರೆ ದಾರಿ ಇಲ್ಲದ್ದರಿಂದ ಮಾಸ್ಟ್ರು ಪಾಠಕ್ಕೆ ಇಳಿದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರು 15 ವರ್ಷ ಆಳಿ, ಮುಹಮ್ಮದ್ ತಕುರುಫಾನು ಎಂಬವನ ಕೈಯಲ್ಲಿ 1573ರಲ್ಲಿ ಸೋತು ಹೋದದ್ದು. 1887ರಿಂದ ಬ್ರಿಟಿಷರ ರಕ್ಷಣೆ. 1965ರ ಜುಲೈ 26ರಂದು ಸ್ವಾತಂತ್ರ್ಯ, 1968ರ ನವೆಂಬರ್ 11ರಂದು ಗಣರಾಜ್ಯ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ನಗರ ಹಿಡಿದಾಗ ಅದೇ ರಾತ್ರಿ ಆಗ್ರಾದಿಂದ ಹಾರಿಬಂದು ಹುಲ್ಹುಲೆಯಲ್ಲಿ ಇಳಿದ ನಮ್ಮ ಸೈನಿಕರು. ಭಾವ ಎಚ್ಚರವಾಗಿ ಕೇಳಿದ್ದು ಕೊನೆಯದನ್ನು ಮಾತ್ರ. ಒಟ್ಟು ಐದು ಲಕ್ಷದ ಆಸುಪಾಸಿನ ಜನಸಂಖ್ಯೆಯಲ್ಲಿ ಐದಕ್ಕೆ ಎರಡು ಪಾಲು ಮಾಲೆ ಮತ್ತು ಅದಕ್ಕೆ ಹೊಂದಿದ ದ್ವೀಪಗಳಲ್ಲೇ ಇದೆ. ಬಾವಿಯ ನೀರು ಸಾಲದೆ ಕಡಲನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ. 2014ರ ಡಿಸೆಂಬರಿನಲ್ಲಿ ಆ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳುಹಿಸಿತ್ತು. ನಾವು ಆ ಮಧ್ಯಾಹ್ನ ಬಾಗಿಲು ತೆರೆದ ಅಂಗಡಿ ಹುಡುಕಿ ಬಾಟಲಿ ನೀರು ತರಲು ನಡೆದದ್ದು ಅರ್ಧ ಗಂಟೆ. ಸಂಜೆ ಬಂದ ಕಾರು 2018ರ ಸೇತುವೆಯ ಮೇಲೆ ಹತ್ತೇ ನಿಮಿಷದಲ್ಲಿ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟಿತು.

ಊರಿಗೆ ಬಂದು ಸಂಸ್ಥೆಯ ಮಾಲೀಕರನ್ನು ಕಂಡು ಶುಕ್ರವಾರದ ವಿಷಯ ಎತ್ತಿದೆ. ಅವರು ಚಾ ತರಿಸಿ, ತಾಳ್ಮೆಯಿಂದಲೇ, “ಮಾಸ್ಟ್ರೇ, ಮಾಲ್ಡೀವ್ಸಿಗೆ ಹೋಗುವವರು ಮ್ಯೂಸಿಯಂ ನೋಡಲಿಕ್ಕೆ ಹೋಗುವುದಾ ಮಾರಾಯ್ರೆ?” ಎಂದರು. ಹಾಗಿದ್ದರೆ ಕರಪತ್ರದಲ್ಲಿ ಅದನ್ನು ಯಾಕೆ ಹಾಕಿದಿರಿ ಎಂದು ಕೇಳಿದ್ದಕ್ಕೆ, ಐದನೆಯ ದಿನಕ್ಕೆ ಏನಾದರೂ ಬರೆಯಬೇಕಲ್ಲ ಎಂಬ ಉತ್ತರ ಬಂತು. ಪ್ರಾಮಾಣಿಕ ಉತ್ತರ, ಆದರೆ ಇಡೀ ಪ್ಯಾಕೇಜಿನ ದೋಷ ಅದರಲ್ಲೇ ಇದೆ. ಬೋಟು, ಊಟ, ಕಾಗದಪತ್ರ ಇವಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದಾದ ಸೇವೆಗೆ, ದೇಶ ತೋರಿಸುವ ಕೆಲಸದಲ್ಲಿ ಒಂದಕ್ಕಿಂತ ಹೆಚ್ಚು ಕೊಡಲಾರೆ.

ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ, ಈಶಾನ್ಯದ ಗಾಳಿಯ ಒಣ ದಿನಗಳಲ್ಲಿ ಹೋಗಿ. ಮೇ ತಿಂಗಳಲ್ಲಿ ನಮ್ಮ ಮುಂಗಾರೇ ಅಲ್ಲಿಯೂ ಮೊದಲು ಹಾಜರಾಗುತ್ತದೆ. ಮಾಲೆಯನ್ನು ಭಾನುವಾರದಿಂದ ಗುರುವಾರದೊಳಗಿನ ದಿನಕ್ಕೆ ಹಾಕಿಸಿಕೊಳ್ಳಿ. ಕಳೆದ ವಾರ ಭಾವನ ಗೆಳೆಯರೊಬ್ಬರು ಅದೇ ಸಂಸ್ಥೆಯ ಹೊಸ ಕರಪತ್ರ ತಂದು ತೋರಿಸಿದರು. ‘ಮಾಲೆ ನಗರ ದರ್ಶನ’ ಗುರುವಾರಕ್ಕೆ ಸರಿದಿದೆ, ಹಳೆ ಮಸೀದಿಯ ಎದುರು ‘ಅನುಮತಿ ಸಿಕ್ಕಿದರೆ’ ಎಂದು ಸೇರಿಸಿದ್ದಾರೆ. ‘ಎಲ್ಲ ತೆರಿಗೆಗಳು ಸೇರಿ’ ಎಂಬ ಸಾಲು ಮಾತ್ರ ಅದೇ ದಪ್ಪಕ್ಷರದಲ್ಲಿ ಹಾಗೆಯೇ ಇದೆ.